ಇಬ್ಬರು ಕೂಡುವ ದೋಣಿ

ಎಡಗೈಯ ಮೇಲಿದ್ದ ಇಷ್ಟಲಿಂಗವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ಇವತ್ತು ಗುರುಶಾಂತಮ್ಮನಿಗೆ ಲಿಂಗವಾಗಿ ಕಾಣಿಸಲಿಲ್ಲ. ರೆಪ್ಪೆ ಬಡಿಯದೆ ನೋಡುತ್ತ ಹೋದರೆ ಆ ಕಪ್ಪು ನುಣುಪಿನ ಮೇಲೆ ಒಂದು ಬೆಳಕಿನ ಚುಕ್ಕಿ ಮೂಡುತ್ತದೆ, ಹಿಗ್ಗುತ್ತ ಹಿಗ್ಗುತ್ತ ಕೈಯನ್ನು, ಕೋಣೆಯನ್ನು, ಕಡೆಗೆ ನೋಡುವವಳನ್ನೂ ನುಂಗುತ್ತದೆ ಎಂದು ಎಳವೆಯಲ್ಲಿ ಮಠದ ಅಯ್ಯನವರು ಹೇಳಿಕೊಟ್ಟಿದ್ದರು. ನುಂಗುವ ಮಟ್ಟಿಗೆ ಅವಳಿಗೆ ಎಂದೂ ಆಗಿರಲಿಲ್ಲ. ಚುಕ್ಕಿಯಂತೂ ಮೂಡುತ್ತಿತ್ತು, ಅಷ್ಟು ಸಾಕಾಗಿತ್ತು. ಇವತ್ತು ಚುಕ್ಕಿಯ ಜಾಗದಲ್ಲಿ ತುಕ್ಕು ಹಿಡಿದ ಕಬ್ಬಿಣದ ಹೊಟ್ಟೆಯೊಂದು ಬಂದು ನಿಂತಿತು. ಹೊಟ್ಟೆಯ ಮೇಲೆ, ವೆಲ್ಡಿಂಗಿನ ಉಬ್ಬುಗೆರೆಯಲ್ಲಿ, ಎರಡು ಅಕ್ಷರ. ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೂ ಅವು ಹಾಗೆಯೇ ಇದ್ದವು, ಯಾರೋ ಒಳಗಿನಿಂದ ಬರೆದ ಹಾಗೆ. ವಿಭೂತಿಯ ಬೆರಳಿನಿಂದ ರೆಪ್ಪೆಯನ್ನು ಒರೆಸಿಕೊಂಡಳು, ಬೂದಿ ಕಣ್ಣಿಗಿಳಿದು ಉರಿಯಿತು. ಶಿವನೇ, ಪೂಜೆಯ ಹೊತ್ತಿಗಾದರೂ ಆ ಹೆಸರಿನವಳನ್ನು ಆಚೆ ಕಳಿಸು, ಅಂದುಕೊಂಡಳು. ಅಂದುಕೊಂಡ ಮೇಲೆ, ಆಚೆ ಇರುವವಳು ತಾನೇ ಅಲ್ಲವೇ ಅನ್ನಿಸಿತು.

"ಅತ್ತೆ, ಪೂಜೆ ಆತಾ? ದೋಸೆ ತಣ್ಣಗಾಗ್ತಾವೆ ನೋಡ್ರಿ," ಸೊಸೆ ಸ್ನೇಹಾ ಅಡುಗೆಮನೆಯಿಂದ ಕೂಗಿದಳು. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಈ ಮನೆಯಲ್ಲಿ ದೇವರ ಮೂಲೆಗೂ ಒಲೆಗೂ ನಡುವೆ ಒಂದೇ ಗೋಡೆ. ಬೆಣ್ಣೆಯ ವಾಸನೆ ಲಿಂಗಕ್ಕೆ ಮೊದಲು ನೈವೇದ್ಯವಾಗುತ್ತಿತ್ತು. ಮಗ ಬಸವಕಿರಣ ನಿನ್ನೆಯೇ ತಂದಿಟ್ಟ ಹಸಿರು ಇಳಕಲ್ ಸೀರೆ ಮಂಚದ ಮೇಲೆ ಮಡಿಕೆ ಬಿಚ್ಚದೆ ಕೂತಿತ್ತು. ಸಂಜೆ ಹರಿಹರದಲ್ಲಿ ಸನ್ಮಾನ. ಹೊಳೆದಂಡೆ ಕನ್ನಡ ಬಳಗದ ಮೈಲಪ್ಪ ಮನೆಗೇ ಬಂದು ವೀಳ್ಯ ಕೊಟ್ಟು ಹೋಗಿದ್ದ. "ಅಮ್ಮಾರೆ, ನಮ್ ಹರಿಹರದ ಅಕ್ಷರ ಶಾಂತಸಾಗರ ದಾಟಿ ಹೋಗಿ ಕುಂತೈತೆ! ನಾವು ಸತ್ರೂ ಅದಿರ್ತೈತೆ. ನೀವು ಬರಲಿಲ್ಲ ಅಂದ್ರೆ ಸ್ಟೇಜ್ ಮ್ಯಾಲೆ ಯಾರನ್ನ ಕೂಡಿಸ್ಲಿ, ಆ ಸಬ್‌ಮರೀನನ್ನ ತರಿಸ್ಲಾ?" ಅಂದಿದ್ದ. ಅವನ ನಗುವಿನಲ್ಲಿ ಕಪಟವಿರಲಿಲ್ಲ. ಆಮೇಲೆ ಚಹಾದ ಲೋಟ ಕೆಳಗಿಟ್ಟು, ಸಹಜವಾಗಿ, "ಅಂದಂಗೆ ಅದ್ರ ಮ್ಯಾಲೆ ಬರ್ದಿರೋ ರೇಖಾ ಅಂದ್ರೆ ಯಾರು?" ಎಂದು ಕೇಳಿದ್ದ. ಅವಳು ಬಾಯಿ ತೆರೆಯುವ ಮೊದಲೇ ಬಸವಕಿರಣ ಹೇಳಿಬಿಟ್ಟಿದ್ದ: "ಅವ್ವನ ತವರುಮನೆ ಹೆಸರು. ಮದ್ವಿಯಾಗೆ ಗುರುಶಾಂತಮ್ಮ ಅಂತ ಬದಲು ಮಾಡಿದ್ರು. ಅಪ್ಪಾಜಿ ಮಾತ್ರ ಹಳೇ ಹೆಸರಿಂದ್ಲೇ ಕರೀತಿದ್ರು." ಎಷ್ಟು ಸಲೀಸಾಗಿ ಬಂದಿತ್ತು ಮಾತು! ತನ್ನ ಮಗನಿಗೆ ಇಷ್ಟು ಚಂದ ಸುಳ್ಳು ಹೇಳಲು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಯಾರಿಂದ ಕಲಿತನೆಂಬುದು ಮಾತ್ರ ಈಗ ಗೊತ್ತಾದಂತಿತ್ತು. ಮೈಲಪ್ಪ ಹೋದ ಮೇಲೆ ಗಾಡಿಯ ಕೀಲಿ ಹುಡುಕುತ್ತ, ಅವಳ ಮುಖ ನೋಡದೆ, "ಮರ್ಯಾದೆ ಉಳಿಬೇಕಲ್ಲವ್ವಾ," ಅಂದ. ಯಾರ ಮರ್ಯಾದೆ ಅಂತ ಅವಳು ಕೇಳಲಿಲ್ಲ. ನಿನ್ನೆ ಅವನ ಫೋನಿನಲ್ಲಿ ಬ್ಯಾನರಿನ ಚಿತ್ರ ಬಂತು. ಅವಳ ನಗುಮುಖ, ಕೆಳಗೆ ದಪ್ಪಕ್ಷರದಲ್ಲಿ 'ಶ್ರೀಮತಿ ರೇಖಮ್ಮ ಕೊಟ್ಟೂರೇಶ್'. ಗುರುಶಾಂತಮ್ಮ ಎಂಬುದು ಎಲ್ಲಿಯೂ ಇರಲಿಲ್ಲ. ಜಾಗ ಸಾಲಲಿಲ್ಲವಂತೆ.

ದೂರುವುದಾದರೆ ಮೊದಲು ತನ್ನ ಬಾಯನ್ನೇ ದೂರಬೇಕು. ಪಕ್ಕದ ಬೀದಿಯ ದಾನಿಶ್, ದೊಡ್ಡ ಹಡಗೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದುಕೊಂಡು ಹೋದ ಹೋದ ಬಂದರಿನ ವಿಡಿಯೋ ಹಾಕುವವನು, ಅವಳ ಗಂಡ ಹಿಂದೆ ಕೆಲಸಕ್ಕಿದ್ದ ಆ ನಡುಗಡ್ಡೆಗೆ ಹೋಗಿದ್ದಾನೆಂದು ಸ್ನೇಹಾ ಹೇಳಿದಾಗ ಅವಳಿಗೆ ಕಾಲು ನಿಂತಲ್ಲಿ ನಿಲ್ಲಲಿಲ್ಲ. "ಆ ದೋಣಿ ತೋರಿಸ್ತಾನಾ ಕೇಳು, ದೋಣಿ ತೋರಿಸ್ತಾನಾ?" ಎಂದು ಕೂಸಿನ ಹಾಗೆ ಗಂಟುಬಿದ್ದಿದ್ದಳು. ವಿಡಿಯೋ ಬಂದ ಸಂಜೆ ಎದುರು ಮನೆಯವರನ್ನು, ಪಕ್ಕದ ಮನೆಯ ನುಜತ್‌ಳನ್ನು, ಅವಳ ಅತ್ತೆಯನ್ನು ಎಲ್ಲ ಕರೆದು ಕೂಡಿಸಿ, "ನಮ್ಮ ಮನೆಯವರು ಅದರ ಮ್ಯಾಲೆ ನನ್ನ ಹೆಸರು ಬರ್ದಾರೆ, ನೋಡ್ರಿ ಈಗ ಬರ್ತೈತೆ," ಅಂದಿದ್ದಳು. ಟೀವಿಗೆ ಫೋನು ಜೋಡಿಸಿದ್ದರು. ತೆಂಗಿನಮರ, ನೀಲಿ ನೀರು, ಕತ್ತರಿಸಿದ ಹುಲ್ಲು. ಹುಲ್ಲಿನ ನಡುವೆ ಎರಡು ಸಿಮೆಂಟು ಕಟ್ಟೆಗಳ ಮೇಲೆ ಅದು ಮಲಗಿತ್ತು. ಅವಳು ಅಂದುಕೊಂಡಿದ್ದಕ್ಕಿಂತ ಉದ್ದ, ಅಂದುಕೊಂಡಿದ್ದಕ್ಕಿಂತ ಸಪೂರ. ದಾನಿಶ್ ಅದರ ಸುತ್ತ ನಡೆಯುತ್ತ, "ಇದು ಎರಡನೇ ಮಹಾಯುದ್ಧದ್ದು ರೀ, ಜಪಾನಿನೋರ ಪುಟಾಣಿ ಸಬ್‌ಮರೀನು. ಇದ್ರೊಳಗೆ ಕೂಡೋನು ಊಟ ಬಿಟ್ಟು ಬರ್ಬೇಕು, ಅಷ್ಟು ಇಕ್ಕಟ್ಟು," ಅಂತೇನೋ ನಗಿಸುತ್ತಿದ್ದ. ಆಮೇಲೆ ಅವಳ ಕೋರಿಕೆಯಂತೆಯೇ ಕಟ್ಟೆಯ ಸಂದಿಗೆ ನುಸುಳಿ, ಫೋನಿನ ಬೆಳಕನ್ನು ಹೊಟ್ಟೆಯ ಕೆಳಗೆ ಹಿಡಿದ. "ಅಯ್ಯೋ ಯಪ್ಪಾ! ಐತಲ್ರೀ ಕನ್ನಡ! ಗುರುಶಾಂತಮ್ಮಾರೆ, ನಿಮ್ಮೋರು ಬರ್ದಿದ್ದು ಸಿಕ್ತು!" ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಸ್ನೇಹಾ 'ರೇಖಾ' ಎಂದು ಗಟ್ಟಿಯಾಗಿ ಓದಿಬಿಟ್ಟಳು. ಚಪ್ಪಾಳೆಯ ಕೊನೆಯ ಒಂದೆರಡು ಸದ್ದು, ಗೊತ್ತಾಗದವರವು, ಹಾಗೆಯೇ ಮುಂದುವರಿದು ನಿಂತವು. ನುಜತ್ ಒಬ್ಬಳೇ ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅವಳಿಗೆ ಅರ್ಥವಾಗಿತ್ತು. ಅವಳಿಗೆ ಅರ್ಥವಾದದ್ದನ್ನು ಗುರುಶಾಂತಮ್ಮ ಈವರೆಗೂ ಕ್ಷಮಿಸಿಲ್ಲ.

ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ಹೊರಟಳು. "ಸಂಜೆ ನಮ್ಮ ಜೋಡಿ ಕಾರಿನಾಗೆ ಬಾರವ್ವಾ," ಅಂದ ಬಸವಕಿರಣ. "ಅಪ್ಪಾಜಿ ಗದ್ದುಗೆಗೆ ಹೂ ಏರಿಸಿ ಬರ್ತೀನಿ, ಮುಂದೆ ಹೋಗ್ತೀನಿ ಬಿಡು," ಅಂದಳು. ಸುಳ್ಳು ಎಷ್ಟು ಹಗುರ. ನಾಲಿಗೆಯ ಮೇಲೆ ಸಕ್ಕರೆಯ ಹಾಗೆ ಕರಗಿ, ಹೋದದ್ದೇ ಗೊತ್ತಾಗುವುದಿಲ್ಲ. ಬಸ್ಸಿನ ಕಿಟಕಿಯ ಸರಳು ಹಿಡಿದು ಕೂತಾಗ ಹಿಂದಿನ ಸೀಟಿನಲ್ಲಿ ಯಾರೋ ಹಿಂದಿ ಹಾಡು ಹಾಕಿದ್ದರು. ಅದರ ಕರಕರ ಸದ್ದು ಕ್ಯಾಸೆಟ್ಟಿನ ಸದ್ದಾಯಿತು. ರೆಕಾರ್ಡು ಮಾಡುವ ಮುಂಚೆ ಅವಳ ಮನೆಯವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಹರಿಹರದ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವರು ಹೆಚ್ಚಿನ ಸಂಬಳಕ್ಕೆ ಆ ನಡುಗಡ್ಡೆಯ ಹಡಗು ರಿಪೇರಿ ಯಾರ್ಡಿಗೆ ಹೋಗಿದ್ದ ಕಾಲ. ಕಾಗದ ಬರೆಯಲು ಅವರಿಗೆ ಬೇಸರ. ಊರಿಗೆ ಬರುವವರ ಕೈಯಲ್ಲಿ ಕ್ಯಾಸೆಟ್ಟು ಕಳಿಸುತ್ತಿದ್ದರು. ಕ್ಯಾಸೆಟ್ಟು ಬಂತೆಂದರೆ ಕಾರ್ಖಾನೆಯ ಲೈನ್ ಮನೆಗಳ ಹೆಂಗಸರೆಲ್ಲ ಕೆಲಸ ಮುಗಿಸಿ ಅವಳ ಮನೆಗೆ ಬರುತ್ತಿದ್ದರು. ಟೇಪ್ ರೆಕಾರ್ಡರನ್ನು ಮಣೆಯ ಮೇಲಿಟ್ಟು, ಅದಕ್ಕೂ ಒಂದು ಹೂ ಏರಿಸಿ, ಅವಳು ಗುಂಡಿ ಒತ್ತುತ್ತಿದ್ದಳು. ಗಂಡನ ದನಿ ಹತ್ತು ಹೆಂಗಸರ ನಡುವೆ ಕೂತು ಮಾತಾಡುತ್ತಿತ್ತು. ಮಗನ ಓದು, ಅತ್ತೆಯ ಮೊಣಕಾಲು, ಅಲ್ಲಿನ ಸೆಖೆ, ಅಲ್ಲಿನ ಮೀನು ತಿನ್ನುವ ಜನ. ಗುಟ್ಟು ಹೇಳುವ ಹಾಗಿರಲಿಲ್ಲ, ಎಲ್ಲರೂ ಕೇಳುತ್ತಾರೆಂದು ಅವರಿಗೂ ಗೊತ್ತಿತ್ತು.

"ಗುರುಶಾಂತಾ," ಅಂದಿತ್ತು ದನಿ ಒಂದು ಸಲ, "ಇಲ್ಲಿ ಒಂದು ಸಣ್ಣ ದೋಣಿ ಐತೆ. ನೀರೊಳಗೆ ಮುಳುಗಿ ಹೋಗೋದು. ಯುದ್ಧದ ಕಾಲದ್ದು. ಇಬ್ಬರೇ ಕೂಡೋದು ಅದ್ರಾಗೆ, ಒಬ್ಬ ಮುಂದೆ, ಒಬ್ಬ ಹಿಂದೆ. ಹವಳದ ದಿಬ್ಬಕ್ಕೆ ಸಿಕ್ಕಿಹಾಕ್ಕಂಡು, ಹೊರಗೆ ಬಂದ್ರೆ ಸೋತಂಗೆ, ಒಳಗೇ ಕೂತ್ರೆ ಸತ್ತಂಗೆ ಅಂತ ಆ ಇಬ್ರೂ ಒಂದು ಹಗಲು ಪೂರ್ತಿ ಒಳಗೇ ಕೂತಿದ್ರಂತೆ. ಕೊನೀಗೆ ಕೈ ಎತ್ತಿ ಹೊರಗೆ ಬಂದ್ರಂತೆ. ಈಗ ಅದನ್ನ ಜನಕ್ಕೆ ತೋರಿಸಾಕೆ ಇಡ್ತಾರೆ. ತೇಪೆ ಹಾಕೋ ಕೆಲಸ ನಂಗೆ ಬಂದೈತೆ. ನಾನು ಒಳಗೆ ಹೋಗಿ ಕೂತು ನೋಡ್ದೆ. ನಮ್ಮಪ್ಪನ್ನ ಸಮಾಧಿಯಾಗೆ ಕೂಡಿಸಿದ್ವಲ್ಲ, ಮೊಣಕಾಲು ಮಡಿಸಿ, ಬೆನ್ನಿಗೆ ಗೋಡೆ ಕೊಟ್ಟು, ಹಂಗೇ ಕೂಡ್ಬೇಕು ಅದ್ರಾಗೆ. ಹೊಟ್ಟೆ ಕೆಳಗೆ ಕೊನೇ ತೇಪೆ ಹಾಕಿ, ಯಾರಿಗೂ ಕಾಣ್ದಂಗೆ ರಾಡಿನಾಗೆ ನಿನ್ನ ಹೆಸರು ಬರ್ದೀನಿ. ಈ ಸಮುದ್ರ ಬತ್ತೋಮಟ ಇರ್ತೈತೆ." ಹೆಂಗಸರೆಲ್ಲ ಓಹೋ ಎಂದು ನಕ್ಕರು. ಯಾರೋ ಅವಳ ತೊಡೆ ಚಿವುಟಿದರು. ಮದುವೆಯಲ್ಲಿ ಒಡಪು ಹಾಕಿ ಗಂಡನ ಹೆಸರು ಹೇಳು ಎಂದು ಕಾಡಿದಾಗ ತಲೆ ತಗ್ಗಿಸಿದಂತೆಯೇ ಅವಳು ಆವತ್ತೂ ತಲೆ ತಗ್ಗಿಸಿದಳು. 'ಹರಿಹರದ ಹೊಳೆಯಾಗೆ ಹರಿತಾವ ಎರಡು ನೀರು, ಕೊಟ್ಟೂರೇಶರ ಹೆಸರು ಹೇಳಾಕೆ ನನ್ನ ಬಿಟ್ಟು ಯಾರು?' ಅವಳ ಸೋದರತ್ತೆ ಕಟ್ಟಿಕೊಟ್ಟ ಒಡಪು. ಸೀಮಂತದಲ್ಲಿ, ತೊಟ್ಟಿಲ ದಿನ, ಯಾರ ಮನೆಯ ಕಾರ್ಯವಾದರೂ ಹೆಂಗಸರು ಅದನ್ನೇ ಹೇಳಿಸುತ್ತಿದ್ದರು. ಹೆಂಡತಿ ಗಂಡನ ಹೆಸರನ್ನು ಬರಿ ಬಾಯಲ್ಲಿ ಹೇಳುವಂತಿಲ್ಲ, ಒಡಪಿನ ಸೆರಗಿನಲ್ಲಿ ಮುಚ್ಚಿ ಹೇಳಬೇಕು. ಅವರೂ ಹಾಗೇ ಹೇಳಿದರಲ್ಲ, ಸಮುದ್ರದಾಚೆ, ಕಬ್ಬಿಣದ ಸೆರಗಿನಲ್ಲಿ ಮುಚ್ಚಿ, ಎಂದು ಅವಳಿಗೆ ಆ ರಾತ್ರಿ ಹೊಳೆದಿತ್ತು.

ಆವತ್ತು ಬಾಗಿಲ ಬಳಿ ರೇಖಾ ಇದ್ದಳು. ಯಾವಾಗಲೂ ಬಾಗಿಲ ಬಳಿಯೇ ಕೂಡುತ್ತಿದ್ದಳು, ಕೈಯಲ್ಲಿ ಯಾರದೋ ರವಿಕೆ, ಬಾಯಲ್ಲಿ ದಾರ. ಮಲೆಬೆನ್ನೂರು ಕಡೆಯವಳು. ಗಂಡ ಬಿಟ್ಟುಹೋದ ಮೇಲೆ ಅಣ್ಣನ ಜೊತೆ ಪಕ್ಕದ ಲೈನಿಗೆ ಬಂದು ಹೊಲಿಗೆ ಮಿಷನ್ನು ಹಾಕಿಕೊಂಡಿದ್ದಳು. ಎಲ್ಲರೂ ನಕ್ಕಾಗ ಅವಳು ನಕ್ಕಿದ್ದಳೋ ಇಲ್ಲವೋ ನೆನಪಿಗೆ ಬರುವುದಿಲ್ಲ. ನೆನಪಿನಲ್ಲಿ ಅವಳ ಮುಖದ ಜಾಗದಲ್ಲಿ ಬಾಗಿಲಿನ ಬಿಸಿಲು.

ಅದನ್ನೇ ಕತೆ ಮಾಡಿ ಮೊಮ್ಮಕ್ಕಳಿಗೆ ಎಷ್ಟು ಸಲ ಹೇಳಿದ್ದಾಳೆ. ಏಳು ಸಮುದ್ರದಾಚೆ ಒಂದು ನಡುಗಡ್ಡೆ, ನಡುಗಡ್ಡೆಯಲ್ಲಿ ಒಂದು ಕಬ್ಬಿಣದ ಮೀನು, ಮೀನಿನ ಹೊಟ್ಟೆಯಲ್ಲಿ ನಿಮ್ಮ ಅಜ್ಜಿಯ ಹೆಸರು. ಅವಳ ಅಜ್ಜಿ ಅವಳಿಗೆ ಹೇಳುತ್ತಿದ್ದುದು ರಾಕ್ಷಸನ ಕತೆ. ಅವನ ಜೀವ ಏಳು ಸಮುದ್ರದಾಚೆ ಒಂದು ಗಿಣಿಯಲ್ಲಿ. ಗಿಣಿ ಸಿಕ್ಕದಿರುವವರೆಗೆ ಯಾರೂ ಅವನನ್ನು ಮುಟ್ಟಲಾರರು. ಅವಳಿಗೂ ಹಾಗೆಯೇ ಒಂದು ಧೈರ್ಯವಿತ್ತು. ಕಾರ್ಖಾನೆ ಮುಚ್ಚಿದಾಗ, ತಿರುಗಿ ಬಂದ ಗಂಡ ಮಾತು ಕಡಿಮೆ ಮಾಡಿದಾಗ, ಸೊಸೆ ಎದುರು ಮಾತಾಡಿದಾಗ, ತನ್ನದೊಂದು ಯಾರ ಕೈಗೂ ಎಟುಕದ ಜಾಗದಲ್ಲಿ ಭದ್ರವಾಗಿದೆ ಎಂಬ ಧೈರ್ಯ. ಅವರನ್ನು ಕೇಳಿದರೆ, "ಬಿಡು, ಇಷ್ಟೊತ್ತಿಗೆ ತುಕ್ಕು ತಿಂದಿರ್ತೈತೆ," ಎಂದು ಎದ್ದು ಹೋಗುತ್ತಿದ್ದರು. ನಾಚಿಕೆ ಅಂದುಕೊಂಡಿದ್ದಳು. ಅವರು ಹೋದ ದಿನ ವಿಭೂತಿ ತುಂಬಿದ ಗೂಡಿನಲ್ಲಿ ಅವರನ್ನು ಕೂಡಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಬಿಲ್ವಪತ್ರೆ ಹಾಕುವಾಗ ಎಲ್ಲರೂ ಅಳುತ್ತಿದ್ದರೆ ಅವಳು ಒಂದು ಗಳಿಗೆ ಅಳು ಮರೆತು, ಮೊಣಕಾಲು ಮಡಿಸಿ ಕೂತ ಆ ದೇಹವನ್ನೇ ನೋಡಿದ್ದಳು. ದೋಣಿ ಹತ್ತಿದರು. ಮುಂದಿನ ಸೀಟು ಅವರದ್ದು. ಹಿಂದಿನದು ನನಗೆ ಖಾಲಿ ಇದೆ. ಅಷ್ಟು ಸಮಾಧಾನದಿಂದ ಯಾವ ಹೆಂಡತಿ ಗಂಡನನ್ನು ಮಣ್ಣಿಗೆ ಕೊಟ್ಟಿದ್ದಾಳೆ? ಆ ಸಮಾಧಾನ ನೆನೆದರೆ ಈಗ ನಾಚಿಕೆಯಾಗುತ್ತದೆ. ಇನ್ನೊಬ್ಬರ ಮನೆಯ ಪಂಕ್ತಿಯಲ್ಲಿ ಕರೆಯದೆ ಕೂತು, ಬಡಿಸಿದ್ದನ್ನು ಉಂಡು, ತೇಗಿ ಎದ್ದುಬಂದ ಹಾಗೆ.

ಹರಿಹರದಲ್ಲಿ ಇಳಿದು ದೇವಸ್ಥಾನದ ಮುಂದಿನಿಂದ ನಡೆದಳು. ಒಳಗೆ ಹೋಗಲಿಲ್ಲ. ಅರ್ಧ ಹರಿ, ಅರ್ಧ ಹರ, ಎರಡೂ ಅರ್ಧಕ್ಕೆ ಒಂದೇ ಮಂಗಳಾರತಿ. ಕಲ್ಲಿನಲ್ಲಿ ಆಗುತ್ತದೆ ಅದು. ಕಾರ್ಖಾನೆಯ ಲೈನಿನಲ್ಲಿ ಮನೆಗಳು ಕೆಲವು ಬಿದ್ದಿದ್ದವು, ಕೆಲವಕ್ಕೆ ಹೊಸ ಬಣ್ಣ. ಹೊಲಿಗೆ ಮಿಷನ್ನಿನ ಸದ್ದು ಹಿಡಿದು ಹೋದಳು. ಸದ್ದು ನಿಂತಿತು. ರೇಖಾ ಬಾಗಿಲಿಗೆ ಬಂದಳು. ಕೊರಳಲ್ಲಿ ಅಳತೆಪಟ್ಟಿ, ಕೂದಲಲ್ಲಿ ಅಲ್ಲಲ್ಲಿ ಬಿಳುಪು.

"ಬರ್ರಿ ಅಕ್ಕಾ. ಕೂಡ್ರಿ," ಅಂದಳು. ಮಿಷನ್ನಿನ ಮೇಲಿದ್ದ ಬಟ್ಟೆ ಸರಿಸಿದಳು, ಸರಿಸಿದ್ದನ್ನು ಮತ್ತೆ ಅಲ್ಲಿಯೇ ಇಟ್ಟಳು. "ವಿಡಿಯೋ ನೋಡ್ದಾಗಿಂದ ಬಾಗಿಲು ನೋಡ್ತಿದ್ದೆ, ಬಂದೇ ಬರ್ತೀರಿ ಅಂತ."

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಉಕ್ಕಡಗಾತ್ರಿ ಅಜ್ಜನ ಆಣೆಗೂ ಇಲ್ಲ."

"ಆಣೆ ಬ್ಯಾಡ. ಬಾಯಿಂದ ಹೇಳು."

"ಬಾಯಿಂದ್ಲೇ ಹೇಳ್ತೀನಿ. ಒಂದು ಮಾತು ಆಡಿಲ್ಲ ಅಕ್ಕಾ ನಾವು. ಅಂಗಿ ಗುಂಡಿ ಹಚ್ಚಿಸಾಕೆ ಬರೋರು. ಹಚ್ಚಿಸ್ಕಂಡು ಹೋಗೋರು. ಗುಂಡಿ ಕಿತ್ತಿರ್ತಿರ್ಲಿಲ್ಲ, ಕಿತ್ಕಂಡು ಬರೋರು. ಅದು ನಂಗೆ ಗೊತ್ತಿತ್ತು, ನಂಗೆ ಗೊತ್ತೈತೆ ಅಂತ ಅವ್ರಿಗೂ ಗೊತ್ತಿತ್ತು. ಅಷ್ಟೇ." ರೇಖಾ ನೆಲ ನೋಡುತ್ತ ಹೇಳುತ್ತಿದ್ದಳು. "ಆ ಕ್ಯಾಸೆಟ್ ಕೇಳಿದ ದಿನ ಮನೆಗೆ ಬಂದು ದಿಂಬು ಕಚ್ಕಂಡು ಅತ್ತೆ. ನಿಮ್ಮ ಹೆಸರು ಬರ್ದೀನಿ ಅಂದ್ರಲ್ಲ. ನಿಮ್ಮ ಮ್ಯಾಲೆ ಹೊಟ್ಟೆ ಉರಿತು. ನನ್ನ ತಲೆ ಕೆಟ್ಟೈತೆ ಅಂತ ಅಣ್ಣ ಉಕ್ಕಡಗಾತ್ರಿಗೆ ಕರ್ಕಂಡು ಹೋದ. ಹೊಳೆಯಾಗೆ ಮುಳುಗಿ, ಮೈಮೇಲಿನ ಸೀರೆ ಅಲ್ಲೇ ಬಿಟ್ಟು, ಬ್ಯಾರೆ ಉಟ್ಕಂಡು ಬಂದೆ. ಪೀಡೆ ಹೋತು ಅಂದ್ರು ಎಲ್ಲಾರು. ಹೋಗಿರ್ಲಿಲ್ಲ. ಅವ್ರ ದೋಣಿ ಮ್ಯಾಲೆ ಐತೆ ಗುರುಶಾಂತಕ್ಕನ ಹೆಸರು, ನಿನ್ನದೇನೈತೆ ಅಂತ ಇಷ್ಟು ವರ್ಷ ನಂಗೆ ನಾನೇ ಬುದ್ಧಿ ಹೇಳ್ಕಂಡು ಬಂದೀನಿ."

ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಆದರೆ ನೀರಿನ ಹಿಂದೆ ಇನ್ನೊಂದಿತ್ತು. ಮುಚ್ಚಿಟ್ಟುಕೊಳ್ಳಲು ಪಾಪ ಬಹಳ ಹೆಣಗುತ್ತಿದ್ದಳು, ತುಟಿ ಕಚ್ಚುತ್ತಿದ್ದಳು, ಮುಖ ತಿರುಗಿಸುತ್ತಿದ್ದಳು, ಆದರೂ ಬೂದಿಯ ಕೆಳಗಿನ ಕೆಂಡ ಗಾಳಿ ಬಂದಾಗ ತೋರುವ ಹಾಗೆ ಅದು ತೋರುತ್ತಲೇ ಇತ್ತು. ಸಂತೋಷ. ಈ ವಯಸ್ಸಿನಲ್ಲಿ, ಈ ಮುರುಕು ಮನೆಯಲ್ಲಿ, ಎಂಟು ದಿನದಿಂದ ಈ ಹೆಂಗಸು ಮದುವಣಗಿತ್ತಿಯ ಹಾಗೆ ಬೆಳಗುತ್ತ ಕೂತಿದ್ದಾಳೆ. ಬಸ್ಸಿನಲ್ಲಿ ಬರುವಾಗ ಗುರುಶಾಂತಮ್ಮ ಎಲ್ಲಕ್ಕೂ ಸಿದ್ಧಳಾಗಿ ಬಂದಿದ್ದಳು. ಕಾಲು ಹಿಡಿದರೆ ಎತ್ತಬೇಕು, ಎದುರು ಮಾತಾಡಿದರೆ ಹೀಗೆ ಅನ್ನಬೇಕು, ಕೂಡಿದ್ದೆವು ಅಂದರೆ ಅದನ್ನೂ ಶಿವನ ಮೇಲೆ ಹಾಕಿ ನುಂಗಬೇಕು. ಹೌದು, ಮೈ ಜಾರಿದ್ದರೆ ಕ್ಷಮಿಸಬಹುದಿತ್ತು. ಗಂಡಸಿನ ಮೈ, ಜಾರುತ್ತದೆ, ಪುರಾಣದಲ್ಲಿ ಯಾರದು ಜಾರಿಲ್ಲ. ಆದರೆ ಏನೂ ಮಾಡದೆ, ಏನೂ ಆಡದೆ, ಅಷ್ಟು ದೂರ ಹೋಗಿ, ತುಕ್ಕಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಕಿಡಿ ಮುಖಕ್ಕೆ ಸಿಡಿಯುತ್ತಿರುವಾಗ ಬಂದ ಹೆಸರನ್ನು ಹೇಗೆ ಕ್ಷಮಿಸುವುದು? ಯಾರ ಹೆಸರು ಬರೆದರೋ ಅವಳಿಗೆ ಹೇಳಲಿಲ್ಲ. ಯಾರದು ಬರೆಯಲಿಲ್ಲವೋ ಅವಳಿಗೆ, ಹತ್ತು ಜನರ ನಡುವೆ, ಬರೆದೆ ಎಂದರು. ನಾನು ಹೂ ಏರಿಸಿದ ಟೇಪ್ ರೆಕಾರ್ಡರಿನೊಳಗಿಂದ.

ಚಹಾ ತರುತ್ತೇನೆಂದು ಎದ್ದ ರೇಖಾ ನಿಂತು ನೋಡಿದಳು. "ಯಾರು ಹೊಲಿದಿದ್ದು ಈ ರವಿಕೆ? ಭುಜ ಜಾರ್ತೈತಲ್ಲ. ಸ್ಟೇಜ್ ಮ್ಯಾಲೆ ಹಿಂಗೇ ಕೂಡ್ತೀರಾ?"

"ಇರ್ಲಿ ಬಿಡು."

"ಏನಿರ್ಲಿ. ತಿರುಗ್ರಿ ಹಿಂಗೆ." ಕೊರಳಪಟ್ಟಿಗೆ ಚುಚ್ಚಿದ್ದ ಸೂಜಿ ಆಗಲೇ ಅವಳ ಕೈಗೆ ಬಂದಿತ್ತು. ಗುರುಶಾಂತಮ್ಮ ತಿರುಗಿ ಕೂತಳು. ಯಾಕೆ ಕೂತಳೋ. ಮೂವತ್ತು ವರ್ಷ ಈ ಕೈ ಹೊಲಿದ ರವಿಕೆಯನ್ನೇ ತೊಟ್ಟಿದ್ದಳು; ದಾವಣಗೆರೆಗೆ ಹೋದ ಮೇಲೆ ಯಾರ ಕೈಯೂ ಅವಳ ಭುಜಕ್ಕೆ ಸರಿಬಂದಿರಲಿಲ್ಲ. ತಣ್ಣನೆಯ ಬೆರಳು ಕುತ್ತಿಗೆಯ ಹತ್ತಿರ ಬಟ್ಟೆ ಮಡಿಸಿ ಹಿಡಿಯಿತು. ಸೂಜಿ ಒಳಗೆ ಹೋಗಿ ಹೊರಗೆ ಬಂತು. ಚುಚ್ಚಲಿ ಅಂದುಕೊಂಡಳು, ಒಂದು ಸಲ ಕೈತಪ್ಪಿ ಚುಚ್ಚಿದರೆ ಕೂಗಿಬಿಡಬಹುದು. ಕೈ ತಪ್ಪಲಿಲ್ಲ. ದಾರ ಕಡಿಯಲು ರೇಖಾ ಬಗ್ಗಿದಳು, ಅವಳ ಉಸಿರು ಕಿವಿಯ ಹಿಂದೆ ತಾಗಿತು. ಹಲ್ಲು ದಾರವನ್ನು ಕಡಿಯಿತು. ಮುಂದೆ ಒಬ್ಬಳು, ಹಿಂದೆ ಒಬ್ಬಳು, ಮೊಣಕಾಲು ಮಡಿಸಿ, ಒಂದು ಇಕ್ಕಟ್ಟು ಕೋಣೆಯಲ್ಲಿ. ಹೊರಗೆ ಯಾರೋ ಟ್ರ್ಯಾಕ್ಟರು ಹಿಂದಕ್ಕೆ ತೆಗೆಯುತ್ತಿದ್ದರು, ಅದರ ಸದ್ದು ಬಹಳ ದೂರದಿಂದ, ನೀರಿನ ಮೇಲಿನಿಂದ ಬಂದ ಹಾಗೆ ಕೇಳಿಸಿತು.

"ಊರ ತುಂಬ ನಾನೇ ರೇಖಾ ಅಂತ ಬ್ಯಾನರ್ ಕ‌ಟ್ಟ್ಯಾರೆ," ಅಂದಳು ಗುರುಶಾಂತಮ್ಮ, ತಿರುಗದೆ.

"ನೋಡ್ದೆ. ಇರ್ಲಿ ಬಿಡ್ರಿ. ಅದೇ ಚಲೋ. ನಿಮ್ಮ ಮನೆತನದ ಮರ್ಯಾದೆ."

"ಎಲ್ಲಾರೂ ಮರ್ಯಾದೆ ಅಂತೀರಿ. ನನ್ನ ಹೆಸರು ಎಲ್ಲಿ ಹೋತು ಅಂತ ಯಾರೂ ಕೇಳವಲ್ಲಿರಿ." ಎದ್ದು ಸೆರಗು ಸರಿಮಾಡಿಕೊಂಡಳು. ಭುಜ ಈಗ ಹಿಡಿದಿಟ್ಟಂತೆ ಸರಿಯಾಗಿತ್ತು, ಅದೂ ಒಂದು ಅವಮಾನ. "ಸಂಜೀಕೆ ಬಾ."

"ನಾನ್ಯಾಕ ಬರ್ಲಿ ಅಕ್ಕಾ?"

"ಕ್ಯಾಸೆಟ್ ಕೇಳಾಕೆ ಬರ್ತಿದ್ದೆಲ್ಲ, ಹಂಗೇ ಬಾ. ನಿನ್ನ ಜಾಗ ಬಾಗಿಲ ಹತ್ರ ಇರ್ತೈತೆ."

ಹೇಳಿದ ಮೇಲೆ ಮಾತಿನ ವಿಷ ತನ್ನ ನಾಲಿಗೆಗೇ ಹತ್ತಿತು. ಚಹಾ ಕುಡಿಯದೆ ಹೊರಟಳು. ರುದ್ರಭೂಮಿಯ ದಾರಿಯವರೆಗೆ ಹೋಗಿ, ಗದ್ದುಗೆಗೆಂದು ತಂದಿದ್ದ ಹೂವಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಹಿಂದಿರುಗಿದಳು. ಒಳಗೆ ಕೂತವರು ಕೂತಿರಲಿ. ಹೊರಗೆ ಬಂದರೆ ಸೋತಂತೆ.

ಸಭೆ ಹೊಳೆಯ ಕಡೆಯ ಒಂದು ಸಣ್ಣ ಸಭಾಂಗಣದಲ್ಲಿ. ಬ್ಯಾನರಿನ ಮೇಲೆ ಅವಳ ಮುಖ ಅವಳಿಗಿಂತ ದೊಡ್ಡದಾಗಿ ನಗುತ್ತಿತ್ತು. ಗೋಡೆಯ ಮೇಲೆ ದಾನಿಶ್‌ನ ವಿಡಿಯೋ ಮತ್ತೆ ಮತ್ತೆ ಬರುತ್ತಿತ್ತು. ತೆಂಗಿನಮರ, ನೀಲಿ ನೀರು, ತುಕ್ಕಿನ ಹೊಟ್ಟೆ, ಎರಡು ಅಕ್ಷರ. ಜನ ಪ್ರತಿ ಸಲವೂ ಚಪ್ಪಾಳೆ ತಟ್ಟುತ್ತಿದ್ದರು. ಬಸವಕಿರಣ ಮುಂದಿನ ಸಾಲಿನಲ್ಲಿ ಫೋನು ಎತ್ತಿ ಹಿಡಿದು ಕೂತಿದ್ದ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. "ಈಗ ರೇಖಮ್ಮನೋರು ಎರಡು ಮಾತು ಆಡ್ತಾರೆ," ಎಂದು ಮೈಲಪ್ಪ ಮೈಕನ್ನು ಅವಳ ಬಾಯಿಯ ಹತ್ತಿರ ತಂದ. ಕರೆದದ್ದು ತನ್ನನ್ನೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ಸ್ವಲ್ಪ ಹೊತ್ತಿನಲ್ಲಿ ಅವಳು ಬಾಗಿಲ ಕಡೆ ನೋಡಿದ್ದಳು. ಬಾಗಿಲ ಬಳಿ, ಕೊನೆಯ ಕುರ್ಚಿಯಲ್ಲಿ, ರೇಖಾ ಬಂದು ಕೂತಿದ್ದಳು. ಕೈಯಲ್ಲಿ ಹೊಲಿಗೆ ಇರಲಿಲ್ಲ. ಖಾಲಿ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಮಗ ಕಣ್ಣಲ್ಲೇ ಸನ್ನೆ ಮಾಡಿದ. ಹೇಳಿ ಮುಗಿಸು. ನಮಸ್ಕಾರ, ಸಂತೋಷ, ಅಷ್ಟು ಸಾಕು. ಅಷ್ಟು ಹೇಳಿದರೆ ಮುಗಿಯುತ್ತದೆ ನಿಜ. ನಾಳೆಯಿಂದ ಬಿ ಬ್ಲಾಕಿನಲ್ಲಿ, ಹರಿಹರದಲ್ಲಿ, ಮೊಮ್ಮಕ್ಕಳ ಕತೆಯಲ್ಲಿ ಅವಳು ರೇಖಮ್ಮ. ಸತ್ತು ಗೂಡಿನಲ್ಲಿ ಕೂತಾಗಲೂ ಮೇಲಿನ ಕಲ್ಲಿನಲ್ಲಿ ಅದನ್ನೇ ಕೆತ್ತಿಸಿಯಾರು. ಹಿಂದಿನ ಸೀಟು ಸಿಗುತ್ತದೆ, ಇನ್ನೊಬ್ಬಳ ಹೆಸರು ಹೇಳಿ ಹತ್ತಿದರೆ.

"ನನ್ನ ಹೆಸರು ಗುರುಶಾಂತಮ್ಮ," ಅಂದಳು. ಮೈಕು ಕುಯ್ಯೆಂದಿತು. "ನಂಗೆ ತವರಿನಾಗೂ ಅದೇ ಹೆಸರು. ಆ ದೋಣಿ ಮ್ಯಾಲೆ ಇರೋದು ನನ್ನ ಹೆಸರಲ್ಲ."

ಬಸವಕಿರಣನ ಫೋನು ನಿಧಾನವಾಗಿ ಕೆಳಗಿಳಿಯಿತು. ಸ್ನೇಹಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲ ಬಳಿಯ ಕುರ್ಚಿಯಲ್ಲಿ ರೇಖಾ ಏಳಲು ಹೊರಟು, ಏಳಲಾರದೆ ಅರ್ಧಕ್ಕೆ ಕೂತಳು. ಅವಳ ಮುಖ ಬಿಳುಚಿದ್ದು ಇಲ್ಲಿಗೇ ಕಾಣುತ್ತಿತ್ತು. ಒಂದು ಮಾತು, ಒಂದು ಬೆರಳು ಆ ಕಡೆ ಎತ್ತಿದರೆ ಸಾಕಿತ್ತು. ಬೆರಳು ಕೂಡ ಸಿದ್ಧವಿತ್ತು. ಭುಜದ ಹತ್ತಿರ ಹೊಸ ಹೊಲಿಗೆ ಬಿಗಿಯಿತು, ಕೈ ಮೇಲೇಳಲಿಲ್ಲ.

ಮೈಲಪ್ಪ ಹೇಗೋ ಸಂಭಾಳಿಸಿದ. ನಗುತ್ತ ಮುಂದೆ ಬಂದು, "ಅಮ್ಮಾರಿಗೆ ನಾಚಿಕೆ ರೀ, ಇನ್ನೂ ಹೊಸ ಮದುಮಗಳಂಗೆ! ನಿಮ್ಮ ಹೆಸರು ಬಿಡ್ರಿ, ಯಜಮಾನ್ರ ಹೆಸರಾದ್ರೂ ಹೇಳ್ರಿ. ಹಂಗೇ ಹೇಳಂಗಿಲ್ಲ, ಒಡಪು ಹಾಕಿ ಹೇಳ್ಬೇಕು. ಏನ್ರೀ ಅಕ್ಕಾರೆ, ಕೇಳೋಣಲ್ಲ?" ಅಂದ. ಹೆಂಗಸರ ಸಾಲಿನಿಂದ ಹೇಳ್ರಿ, ಹೇಳ್ರಿ ಎಂಬ ಕೂಗು ಎದ್ದಿತು. ಸಭೆಗೆ ಉಸಿರು ಬಂತು. ಆ ನಗು ಅವಳಿಗೆ ಗೊತ್ತಿದ್ದ ನಗು, ಟೇಪ್ ರೆಕಾರ್ಡರಿನ ಸುತ್ತ ಎದ್ದ ಅದೇ ಓಹೋ.

ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹರಿಹರದ ಹೊಳೆಯಾಗೆ," ಅಂದಳು. ದನಿ ತಾನಾಗಿಯೇ ರಾಗಕ್ಕೆ ಹತ್ತಿತು. "ಹರಿಹರದ ಹೊಳೆಯಾಗೆ ಹರಿತಾವ ಎರಡು ನೀರು..."

ನಿಂತಳು. ಮುಂದಿನ ಹೆಸರು ನಾಲಿಗೆಯ ತುದಿಗೆ ಬಂದು, ಅಲ್ಲಿಂದ ಆಚೆ ಹೆಜ್ಜೆ ಇಡಲಿಲ್ಲ. ಮರೆತಿರಲಿಲ್ಲ. ಅಲ್ಲಿಯೇ ಇತ್ತು, ಕೈ ಎತ್ತಿ ಹೊರಗೆ ಬರಲೋ ಬೇಡವೋ ಎಂದು ಕೂತಿತ್ತು. ಜನ ನಾಚಿಕೆಯೆಂದುಕೊಂಡು ಮತ್ತೆ ನಕ್ಕರು, ಯಾರೋ ಸಿಳ್ಳೆ ಹಾಕಿದರು. ಅವರೆಲ್ಲರ ತಲೆಯ ಮೇಲಿಂದ ಅವಳು ಬಾಗಿಲನ್ನು ನೋಡಿದಳು. ಇಳಿಬಿಸಿಲು ಬಾಗಿಲಲ್ಲಿ ಬಿದ್ದಿತ್ತು, ಈ ಸಲ ಮುಖ ಕಂಡಿತು. ರೇಖಾ ಕಣ್ಣು ಮುಚ್ಚಿದ್ದಳು. ಸದ್ದಿಲ್ಲದೆ, ತಾನು ಮಾಡುತ್ತಿರುವುದು ತನಗೇ ತಿಳಿಯದೆ, ಅವಳ ತುಟಿಗಳು ಅಲುಗಿದವು. ಒಡಪಿನ ಎರಡನೆಯ ಸಾಲಿನ ಮೊದಲ ಮಾತಿಗೆ, ಆ ಹೆಸರಿಗೆ, ಹೇಗೆ ತೆರೆಯಬೇಕೋ ಹಾಗೆ ತೆರೆದು, ಹೇಗೆ ಮುಚ್ಚಬೇಕೋ ಹಾಗೆ ಮುಚ್ಚಿದವು. ಬಹಳ ದಿನದ ರೂಢಿ ಇದ್ದ ತುಟಿಗಳು.

"ಹೇಳ್ರಿ ಅಮ್ಮಾರೆ, ಹೆಸರು ಬರ್ಲಿ!" ಮೈಲಪ್ಪ ಕೂಗಿದ.

"ಬಂತು," ಅಂದಳು ಗುರುಶಾಂತಮ್ಮ. "ನಂಗೆ ಕೇಳ್ತು."

ಮೈಕನ್ನು ಅವನ ಕೈಗೆ ಕೊಟ್ಟು, ಹೂವಿನ ಪೊಟ್ಟಣವನ್ನು ಎತ್ತಿಕೊಂಡು ಮೆಟ್ಟಿಲು ಇಳಿದಳು.